ವಾಲ್ಟ್ಸ್‌ನಲ್ಲಿ ಇಲ್ಲದ ಹೆಜ್ಜೆಗಳು

ಕುಂಬಳೆಯ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ವಾಲ್ಟ್ಸ್, ಚಾ-ಚಾ ಅಂತ ವಿದೇಶಿ ಜೋಡಿ ಕುಣಿತ ಕಲಿಸುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಮೆಟ್ಟಿಲು ಹತ್ತಿ ಬರುತ್ತಾರೆ. ದುಬೈಯಲ್ಲಿದ್ದಾಗ ಕಲಿತ ವಿದ್ಯೆ ಇದು. ಈ ಕಡೆ ನನ್ನಷ್ಟು ಚೆನ್ನಾಗಿ ಕಲಿಸುವವರು ಇಲ್ಲ. ಬೇರೆ ಕಲಿಸುವವರೇ ಇಲ್ಲ ಎನ್ನುವುದು ಬೇರೆ ಮಾತು. ಹೊಸಬರ ಸ್ಪರ್ಧೆಯಲ್ಲಿ ಪಟ್ಟಿಯಲ್ಲಿರುವ ಹೆಜ್ಜೆಗಳನ್ನು ಮಾತ್ರ ಹಾಕಬೇಕು, ತಪ್ಪಿದರೆ ಹೊರಗೆ. ನಮ್ಮವರ ಕಾಲಿಗೆ ಆ ಪಟ್ಟಿ ಸಾಲುವುದಿಲ್ಲ. ಹಾಗಾಗಿ ನನಗೆ ನಗುವುದಕ್ಕೆ ಬರಗಾಲವಿಲ್ಲ.

೧. ದಿಗಿಣ

ವರ್ಕಾಡಿಯ ನಿವೃತ್ತ ಮಾಷ್ಟ್ರೊಬ್ಬರು ಹೆಂಡತಿಯ ಜೊತೆ ಬಂದು ಸೇರಿದರು. ಹಠ ಹೆಂಡತಿಯದ್ದು. ಮಾಷ್ಟ್ರು ಹವ್ಯಾಸಿ ಯಕ್ಷಗಾನದಲ್ಲಿ ಕುಣಿಯುವಾಗಲೆಲ್ಲ ಆಕೆ ಎದುರಿನ ಕುರ್ಚಿಯಲ್ಲಿ ಕೂತು ನೋಡಿದವರು. "ಒಮ್ಮೆಯಾದರೂ ಇವರ ಜೊತೆ ಸ್ಟೇಜು ಹತ್ತಬೇಕು ಟೀಚರೇ, ಕಡೇವರೆಗೆ ಕುಣಿದೇ ಇಳಿಯಬೇಕು" ಎಂದರು. ಆ ಮಾತಿಗೆ ನಾನು ಕರಗಿಹೋದೆ.

ಮೊದಲ ವಾರವೇ, ಸಂಗೀತ ಏರುತ್ತಿದ್ದ ಹಾಗೆ ಮಾಷ್ಟ್ರು ಹೆಂಡತಿಯನ್ನು ಅಲ್ಲೇ ಬಿಟ್ಟು, ಗಾಳಿಯಲ್ಲಿ ಗಿರ್ರನೆ ತಿರುಗುವ ಯಕ್ಷಗಾನದ ದಿಗಿಣ ಎರಡು ಹಾಕಿದರು. ಕೆಳಗಿನ ಅಂಗಡಿಯವರು ಓಡಿ ಬಂದರು. ಇದು ವಾಲ್ಟ್ಸ್‌ನ ಪಟ್ಟಿಯಲ್ಲಿ ಇಲ್ಲ ಎಂದು ನಾನು ಮೆತ್ತಗೆ ಹೇಳಿದೆ. ಮಾಷ್ಟ್ರು ಬೆವರು ಒರೆಸಿಕೊಂಡು, "ಪಟ್ಟಿ ಮಾಡಿದವರು ನಮ್ಮ ಆಟ ನೋಡಿರಲಿಕ್ಕಿಲ್ಲ, ಪಾಪ" ಎಂದರು.

೨. ಕೈ ಬಿಡಬಾರದು

ವಾಲ್ಟ್ಸ್‌ನಲ್ಲಿ ಹೊಸಬರು ಸಂಗಾತಿಯ ಹಿಡಿತ ಬಿಡಬಾರದು. ಮಾಷ್ಟ್ರು ಇದನ್ನು ಒಪ್ಪಿದರು, ಯಾರೂ ನೋಡದೆ ಇರುವಷ್ಟು ಹೊತ್ತು. ಒಂದು ದಿನ ಅವರ ಹಳೇ ಹೆಡ್ಮಾಷ್ಟ್ರು ಕುತೂಹಲಕ್ಕೆ ಮೆಟ್ಟಿಲು ಹತ್ತಿ ಬಂದದ್ದೇ, ಇವರು ಹೆಂಡತಿಯ ಕೈಯನ್ನು ಬಿಸಿ ಪಾತ್ರೆಯ ಹಾಗೆ ಬಿಟ್ಟು, ಒಂದು ಮಾರು ದೂರ ನಿಂತು, ಊಟ ಆಯ್ತಾ ಎಂದು ವಿಚಾರಿಸತೊಡಗಿದರು.

ನಾನು ರೇಗಿದೆ. ಹೆಂಡತಿ ನನ್ನನ್ನೇ ಸಮಾಧಾನ ಮಾಡಿದರು. "ಇವರು ಮದುವೆಯಲ್ಲಿಯೂ ಹೀಗೆಯೇ ಟೀಚರೇ. ಕೈ ಹಿಡಿಸಿದ ಭಟ್ರು ಆಚೆ ತಿರುಗಿದ್ದೇ ತಡ, ಬಿಟ್ಟಾಗಿತ್ತು."

೩. ಕಾಲು ತಾಗಿದರೆ

ನಿಜವಾದ ಕಷ್ಟ ಬೇರೆಯೇ ಇತ್ತು. ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ಚಿಕ್ಕಂದಿನಿಂದಲೇ ಬಂದ ಅಭ್ಯಾಸ. ವಾಲ್ಟ್ಸ್‌ನಲ್ಲಿ ಕಾಲು ತಾಗದೆ ಇರುತ್ತದೆಯೇ? ತಾಗಿದಾಗಲೆಲ್ಲ ಮಾಷ್ಟ್ರು ಕೈ ಬಿಟ್ಟು, ಬಗ್ಗಿ, ಹೆಂಡತಿಯನ್ನು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಸ್ಪರ್ಧೆಯಲ್ಲಿ ಹೀಗೆ ಮಾಡಿದರೆ ಅಲ್ಲಿಂದಲೇ ಹೊರಗೆ ಎಂದು ಎಷ್ಟು ಹೇಳಿದರೂ ಅವರ ಬೆನ್ನು ಕೇಳಲಿಲ್ಲ. ಕೊನೆಗೆ ನಾನೇ ದಾರಿ ಹುಡುಕಿದೆ: ಎಲ್ಲ ನಮಸ್ಕಾರವನ್ನೂ ಮುಂಗಡವಾಗಿ ಮಾಡಿಬಿಡಿ.

ಕಾಸರಗೋಡಿನ ಸ್ಪರ್ಧೆಯಲ್ಲಿ, ತುಂಬಿದ ಸಭೆಯ ಎದುರು, ಮಾಷ್ಟ್ರು ಹೆಂಡತಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೆಂಗಸರ ಕಡೆಯಿಂದ ಭಾರಿ ಚಪ್ಪಾಳೆ. ಹೆಜ್ಜೆ ಕಾಯಲಿಕ್ಕೆಂದೇ ಕೂತಿದ್ದ ತೀರ್ಪುಗಾರರು ಪೆನ್ನು ಎತ್ತಿ ನನ್ನ ಮುಖ ನೋಡಿದರು. "ಹಾಡು ಶುರುವಾಗಲಿಲ್ಲ ಸಾರ್, ನಿಯಮವೂ ಶುರುವಾಗಲಿಲ್ಲ" ಎಂದೆ. ಪೆನ್ನು ಕೆಳಗಿಳಿಯಿತು.

ಆದರೆ ಅರ್ಧದಲ್ಲಿ ಕಾಲು ತಾಗಿತು. ಮುಂಗಡ ಎಲ್ಲ ಮರೆತು ಮಾಷ್ಟ್ರ ಸೊಂಟ ಬಗ್ಗತೊಡಗಿತು. ಆಕೆಯ ಆಸೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಮಾಷ್ಟ್ರು ಕಣ್ಣು ಅರಳಿಸಿ, ಕಂಬದ ಹಾಗೆ ನೆಟ್ಟಗಾದರು. ಮತ್ತೆ ತಾಗಿತು, ಮತ್ತೆ ಬಗ್ಗಿದರು, ಮತ್ತೆ ನೆಟ್ಟಗಾದರು. ಸಂಗೀತ ನಿಲ್ಲುವವರೆಗೂ ಹಿಡಿತ ಬಿಡಲಿಲ್ಲ.

ಬಹುಮಾನ ಬರಲಿಲ್ಲ. ಆದರೆ ಆಕೆ ಕಡೇವರೆಗೆ ಕುಣಿದೇ ಇಳಿದರು. ನನಗಂತೂ ಕಣ್ಣು ತುಂಬಿತ್ತು. ಒಳಗೆ ಹೋದರೆ ಮಾಷ್ಟ್ರು ಕುರ್ಚಿಯಲ್ಲಿ ಕೂತು, ಊದಿದ ಕಾಲಿನ ಹೆಬ್ಬೆರಳಿಗೆ ಐಸು ಹಿಡಿದಿದ್ದರು. ಇದೆಂತ ಆದದ್ದು ಎಂದು ಕೇಳಿದೆ.

ಅವರು ಬಗ್ಗಲಿಕ್ಕೆ ಹೊರಟಾಗಲೆಲ್ಲ ಆಕೆ ಹೀಲ್ಸ್‌ನಲ್ಲಿ ಒತ್ತಿ ತುಳಿದಿದ್ದರಂತೆ. ಹಾಗಾದರೆ ನೀವೂ ಒಂದು ನಮಸ್ಕಾರ ಮಾಡುವುದು ಬೇಡವಾ ಎಂದು ಪಕ್ಕದಲ್ಲೇ ನಿಂತಿದ್ದ ಆಕೆಯನ್ನು ಕೇಳಿದೆ.

"ಎಂತಕ್ಕೆ ಟೀಚರೇ?" ಆಕೆ ಸೆರಗು ಸರಿ ಮಾಡಿಕೊಂಡರು. "ನಮಸ್ಕಾರ ಮಾಡುವುದು ಗೊತ್ತಿಲ್ಲದೆ ತಾಗಿದರೆ ಮಾತ್ರ ಅಲ್ಲವಾ?"