ಕಬ್ಬಿನ ಸೀಮೆಯಲ್ಲಿ ಹಾಲಿನ ಆಡು

ನಮ್ಮ ಗೋಕಾಕ ಸೀಮೆಯಲ್ಲಿ ನೀವು ಕಬ್ಬು ಹಚ್ಚಿದರೆ ಯಾರೂ ತಿರುಗಿ ನೋಡುವುದಿಲ್ಲ. ಬೇರೆ ಏನನ್ನಾದರೂ ಮಾಡಲು ಹೋಗಿ ನೋಡಿ, ದಿನಕ್ಕೊಂದು ನಾಟಕ ಮನೆ ಬಾಗಿಲಿಗೇ ಬರುತ್ತದೆ.

ನಾನು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಹಾರ್ನು, ಹೊಗೆ, ಚಿಲ್ಲರೆ ಜಗಳಗಳ ನಡುವೆ ಅರ್ಧ ಆಯುಷ್ಯ ಕಳೆದವನಿಗೆ ಹಸಿರಿನ ಹುಚ್ಚು ಹಿಡಿದರೆ ತಪ್ಪೇನಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೊಲ್ಲಾಪುರದ ಕಡೆ ಒಂದು ಶಿಬಿರಕ್ಕೆ ಹೋಗಿ ಪರ್ಮಾಕಲ್ಚರ್ ಎಂಬುದನ್ನು ಕಲಿತು ಬಂದೆ. ಗಿಡ, ನೀರು, ಪ್ರಾಣಿ, ಮನುಷ್ಯ ಎಲ್ಲ ಒಂದಕ್ಕೊಂದು ಆಸರೆಯಾಗಿ ಬಾಳುವ ತೋಟ. ನಡುವೆ ಪುಟ್ಟ ಮನೆ, ಹಾಲಿಗೆ ಆಡು. ಪ್ಲ್ಯಾನು ನನ್ನದು. ಜಮೀನು ಮಾತ್ರ ಬೆಲ್ಲದ ಬಾಗೇವಾಡಿಯ ನಮ್ಮ ಮಾವನವರದು, ಮಮದಾಪುರದ ಹತ್ತಿರ ಎರಡು ಎಕರೆ ಇಳಿಜಾರು.

ಮಾವನವರು ಮೊದಲೇ ಕರಾರು ಹಾಕಿದ್ದರು. "ಒಂದು ವರ್ಷ ಏನಾರ ಮಾಡ್ರಿ ಅಳಿಯಂದ್ರ. ನಾ ಬಂದು ನೋಡ್ತೀನಿ. ಮನಸ್ಸಿಗೆ ಬಂತೋ, ಹೊಲ ನಿಮ್ದು. ಬರಲಿಲ್ಲೋ, ಕಬ್ಬು."

ಸೊಟ್ಟ ಕಾಲುವೆ

ಮೊದಲ ಕೆಲಸ ಕಾಲುವೆ ತೋಡುವುದು. ಮಳೆ ನೀರು ಓಡಿಹೋಗದೆ ನಿಂತು ಇಂಗಬೇಕೆಂದರೆ ಇಳಿಜಾರು ಹೇಗೆ ತಿರುಗುತ್ತದೋ ಹಾಗೆಯೇ ಕಾಲುವೆಯೂ ತಿರುಗಬೇಕು. ತೋಡಿ ಮುಗಿಸಿದಾಗ ಹೊಲದ ತುಂಬ ಹಾವು ಮಲಗಿದ ಹಾಗೆ ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರೆಲ್ಲ ಸೈಕಲ್ ಇಳಿದು ನಿಂತು, ನೋಡಿ, ತಲೆ ಕೆರೆದುಕೊಂಡು ಹೋಗತೊಡಗಿದರು.

ಬಾಜೂ ಹೊಲದ ಕಾಕಾ ಬಹಳ ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವರೆಂದರೆ ಅವರ ಒಳ್ಳೆಯತನದಿಂದ ತಪ್ಪಿಸಿಕೊಳ್ಳುವುದೇ ಕಷ್ಟ. ಅವರಿಗೆ ಇಳಿಜಾರು, ಇಂಗುವಿಕೆ ಎಲ್ಲ ವಿವರಿಸಿದೆ. ಅವರು "ಖರೆ ಐತಿ, ಖರೆ ಐತಿ" ಎಂದು ತಲೆಯಾಡಿಸಿದರು. ಮರುದಿನ ಒಂದು ಉದ್ದ ಹಗ್ಗ, ಎರಡು ಗೂಟ ಹಿಡಿದುಕೊಂಡು ಬಂದರು.

"ಇದ್ಯಾಕ್ರಿ ಕಾಕಾ?"

"ನೆಟ್ಟಗ ಮಾಡಿ ಕೊಡ್ತೀನ್ರಿ. ಕಂಟ್ರೋಲರ್ ಕುಡದು ತೋಡ್ಯಾನಂತ ಮಂದಿ ಅನ್ನಾಕತ್ತಾರ. ಅವ್ರು ಕುಡಿಯಂಗಿಲ್ಲಂತ ನಾ ಆಣಿ ಮಾಡಿ ಹೇಳೀನ್ರಿ." ಕಾಲುವೆಯನ್ನು ಮತ್ತೊಮ್ಮೆ ನೋಡಿ ದನಿ ಇಳಿಸಿದರು. "ಆದ್ರ ಇದನ್ನ ನೋಡಿದ್ರ ನನಗೂ ಸಂಶೆ ಬರ್ತೈತ್ರಿ."

ಬಸ್ಸಿನಲ್ಲಿ ಆಡು

ಆಡು ತರಲು ಮೂಡಲಗಿ ಸಂತೆಗೆ ಹೋದೆ. ಹೊಟ್ಟೆ ತುಂಬಿಕೊಂಡು ನಿಂತಿದ್ದ ಒಂದು ಗಬ್ಬದ ಆಡು ಕಣ್ಣಿಗೆ ಬಿತ್ತು. "ಹಾಲು ಎಷ್ಟು ಕೊಡ್ತೈತ್ರಿ?" ಎಂದು ಕೇಳಿದೆ. ಮಾರುವವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಇಷ್ಟು ವರ್ಷ ವ್ಯಾಪಾರ ಮಾಡೀನ್ರಿ, ಎಲ್ಲಾರೂ ತೂಕ ಕೇಳ್ತಾರ. ಹಾಲು ಕೇಳಿದವ್ರು ನೀವ ಮೊದಲ."

ಹಣೆಯಲ್ಲಿ ವಿಭೂತಿ, ಕೈಯಲ್ಲಿ ಆಡಿನ ಹಗ್ಗ. ಹೀಗೆ ಗೋಕಾಕ ಬಸ್ಸು ಹತ್ತಿದೆ. ನಮ್ಮದು ಬೆಳ್ಳುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆತನ. ಅದು ಆ ಬಸ್ಸಿನಲ್ಲಿ ಅರ್ಧ ಮಂದಿಗೆ ಗೊತ್ತು, ಕಂಡಕ್ಟರನಿಗಂತೂ ಪೂರ್ತಿ ಗೊತ್ತು. ಆತ ಆಡಿನ ಲಗೇಜ್ ಟಿಕೆಟ್ ಹರಿದು ಕೊಟ್ಟ, ಆದರೆ ಮುಂದೆ ಹೋಗಲಿಲ್ಲ. ನನ್ನ ಪಕ್ಕವೇ ಕೂತು ಕಿವಿಯ ಹತ್ತಿರ ಬಂದ.

"ಸಾಹೇಬ್ರ, ಡಾಕ್ಟರ್ ಹೇಳ್ಯಾರೇನ್ರಿ?"

"ಏನು ಹೇಳ್ಯಾರ?"

"ಇರ್ಲಿ ಬಿಡ್ರಿ. ಔಷಧಕ್ಕಂದ್ರ ಪಾಪ ಇಲ್ಲ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಇದು ಹಾಲಿಗೆ ತಂದದ್ದು ಎಂದು ಎಷ್ಟು ಹೇಳಿದರೂ ಆತ ಕರುಣೆಯಿಂದ ನನ್ನ ಕೈ ಅಮುಕುತ್ತಲೇ ಇದ್ದ. ಬಾಯಿ ಬಿಡದ ಆ ಪುಣ್ಯಾತ್ಮನ ದಯೆಯಿಂದ, ನಾನು ಮರುದಿನ ಡ್ಯೂಟಿಗೆ ಹೋಗುವ ಹೊತ್ತಿಗೆ ಡಿಪೋದವರು ನನ್ನ ಆರೋಗ್ಯಕ್ಕಾಗಿ ದೇವರಿಗೆ ಕಾಯಿ ಒಡೆಸಿ ಪ್ರಸಾದ ತಂದಿಟ್ಟಿದ್ದರು.

ರವದಿಯ ಉಪಕಾರ

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮಲ್ಲಿ ರವದಿ ಎನ್ನುತ್ತಾರೆ. ಎಲ್ಲರೂ ಅದಕ್ಕೆ ಬೆಂಕಿ ಹಚ್ಚುತ್ತಾರೆ. ನನಗೋ ಅದು ಬಂಗಾರ. ನೆಲಕ್ಕೆ ದಪ್ಪಗೆ ಹೊದಿಸಿದರೆ ತೇವ ಆರುವುದಿಲ್ಲ, ಕಳೆ ಬರುವುದಿಲ್ಲ. ಊರೆಲ್ಲ ಬೇಡಿ ಬೇಡಿ ರವದಿ ತಂದೆ. ಕಾಕಾ ಪರವೂರಿಗೆ ಹೋಗಿದ್ದ ವಾರ ನಾನೂ ನನ್ನ ಹೆಂಡತಿಯೂ ಮೈಕೈ ಕೊಯ್ದುಕೊಂಡು, ಮೊಣಕಾಲೆತ್ತರ ಹರಡಿದೆವು. ಆಕೆ ಬೈಯುತ್ತಲೇ ಹರಡಿದಳು, ಆದರೆ ಹರಡಿದಳು.

ಒಂದು ದಿನ ಡ್ಯೂಟಿ ಮುಗಿಸಿ ಬಂದು ನೋಡುತ್ತೇನೆ, ಹೊಲಕ್ಕೆ ಹೊಲವೇ ಕರ್ರಗೆ! ನಡುವೆ ಬಾಜೂ ಹೊಲದ ಕಾಕಾ ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಸುಸ್ತಾಗಿ, ಸಂತೋಷದಿಂದ ನಿಂತಿದ್ದಾರೆ.

"ಯಾವನೋ ಹಲ್ಕಟ್ ನಿಮ್ಮ ಹೊಲದ ತುಂಬ ಕಸ ಒಗದು ಹೋಗಿದ್ದ್ರಿ. ನೀವರ ಡ್ಯೂಟಿ ಮ್ಯಾಲ. ಆಳು ಹಚ್ಚಿ ಎಲ್ಲಾ ಸುಟ್ಟು ಸಾಫ್ ಮಾಡಿಸೀನಿ. ರೊಕ್ಕದ ಮಾತು ತಗೀಬ್ಯಾಡ್ರಿ, ಒಂದು ಕಪ್ ಚಾ ಕುಡಿಸ್ರಿ, ಸಾಕು."

ಹೆಂಡತಿ ಚಹಾ ಮಾಡಿ ಕೊಟ್ಟು, ಅವರು ಹೋದ ಮೇಲೆ ಬೂದಿಯ ಮೇಲೆ ಒಮ್ಮೆ ಕಣ್ಣಾಡಿಸಿದಳು. "ಸಿಟ್ಟಾಗಬ್ಯಾಡ್ರಿ. ನಮ್ಮಪ್ಪ ಬಂದ್ರ ಈ ಹೊಲದಾಗ ಪಸಂದ ಬೀಳೂದು ಇದೊಂದ."

ಮಾವನವರ ಪಾಹಣಿ

ವರ್ಷ ತುಂಬಿತು. ಆಡು ಈದಿತ್ತು, ಎರಡು ಮರಿ. ಮತ್ತೆ ಹರಡಿದ ರವದಿಯ ನಡುವೆ ನುಗ್ಗೆ, ಪಪ್ಪಾಯಿ, ತೊಗರಿ ತಲೆಯೆತ್ತಿದ್ದವು. ಮಾವನವರು ಬಿಳಿ ರುಮಾಲು ಸುತ್ತಿ, ಕೋಲು ಹಿಡಿದು ಹೊಲದ ಪಾಹಣಿಗೆ, ಅಂದರೆ ತಪಾಸಣೆಗೆ, ಬಂದರು. ಹುಟ್ಟಿದಾಗಿನಿಂದ ಎಮ್ಮೆ ಸಾಕಿದವರು. ಬೇಲಿಯಾಚೆ ಕಾಕಾ ಮತ್ತು ಇನ್ನೂ ನಾಲ್ಕು ಮಂದಿ, ಪುಕ್ಕಟೆ ಆಟ ನೋಡಲು.

ನಾನು ಆಡಿನಿಂದಲೇ ಶುರು ಮಾಡಿದೆ. "ಒಗದಿದ್ದ ತಿಂದು ಹಾಲು ಕೊಡ್ತೈತ್ರಿ ಮಾವಾರ. ಹಿಂಡಿ ಖರ್ಚಿಲ್ಲ. ಹಾಲು ಹಗೂರ, ಕೂಸಿಗೂ ಅರಗ್ತೈತಿ. ಹಿಕ್ಕಿ ಅಂದ್ರ ಬಂಗಾರದಂಥ ಗೊಬ್ಬರ."

ಮಾವನವರು ಆಡನ್ನು ನೋಡಿದರು. "ಎಮ್ಮಿ ಮುಂದ ಇದು ಇಲಿ. ಆಡು ಮುಟ್ಟದ ಸೊಪ್ಪಿಲ್ಲಂತಾರ, ನೀವು ಗಿಡ ಹಚ್ಚಿದ ಹೊಲದಾಗ ಆಡು ತಂದು ಕಟ್ಟೀರಿ! ಸಾಕು. ಮುಂದಿನ ವಾರ ಟ್ರ್ಯಾಕ್ಟರ್ ಕಳಸ್ತೀನಿ, ಕಬ್ಬು ಹಚ್ಚೂಣು."

ಹೆಂಡತಿಯ ಕಣ್ಣು ತುಂಬಿದ್ದನ್ನು ನೋಡಿ ನನಗೆ ಸಂಕಟವಾಯಿತು. ಬೈಯುತ್ತ ಬೈಯುತ್ತ ಆಕೆಯೂ ಈ ಹೊಲಕ್ಕೆ ಮನಸ್ಸು ಕೊಟ್ಟಿದ್ದಳು.

ಅಷ್ಟರಲ್ಲಿ ಸಂಕೇಶ್ವರದ ಕಡೆಯ ಒಬ್ಬ ಕುರಿ ವ್ಯಾಪಾರಿ ಮೊಪೆಡ್ ನಿಲ್ಲಿಸಿ ಒಳಗೆ ಬಂದ. ಯಾರನ್ನೂ ಕೇಳದೆ ಆಡಿನ ಹೊಟ್ಟೆಗೆ ಕೈ ಹಾಕಿ ಎತ್ತಿ ತೂಗಿ ನೋಡಿ, "ಬರೇ ಎಲುಬು. ಇದರಾಗೇನೈತಿ?" ಎಂದ.

"ಕೆಳಗಿಡೋ ಅದನ್ನ! ಬಾಣಂತಿ ಐತಿ!" ಮಾವನವರ ಕೋಲು ಮೇಲೆದ್ದಿತು. "ಏನೈತಿ ಅಂತೀ? ಒಗದಿದ್ದ ತಿಂದು ಹಾಲು ಕೊಡ್ತೈತಿ! ಹಾಲು ಹಗೂರ, ಕೂಸಿಗೂ ಅರಗ್ತೈತಿ! ಹಿಕ್ಕಿ ಅಂದ್ರ ಬಂಗಾರ! ಎಮ್ಮಿಗೆ ಹಿಂಡಿ ಹಾಕಿ ಹಾಕಿ ನಿನ್ನ ಮನಿ ಮುಳುಗ್ತೈತಿ, ತಿಳೀತೇನು?"

"ನನ್ನ ಕಡೆ ಎಮ್ಮಿನ ಇಲ್ರಿ ಅಜ್ಜಾರ."

"ಇಲ್ಲಲ್ಲ, ಅದಕ್ಕ ಮುಳುಗಿಲ್ಲ!"

ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದ. "ಇಷ್ಟು ಸಿಟ್ಯಾಕ್ರಿ? ಆಡು ನಿಮ್ದೇನು?"

"ನಂದಲ್ದ ನಿಮ್ಮಪ್ಪಂದೇನು? ಹೊಲಾನೂ ನಂದು, ಆಡೂ ನಂದು. ಅದು ಇಲ್ಲೇ ಇರ್ತೈತಿ, ಸಾಯೂತನಕ ಇರ್ತೈತಿ! ನಡಿ!"

ಬೇಲಿಯಾಚೆಯ ಮಂದಿ ಬಾಯಿ ತೆರೆದು ಕೇಳಿದ್ದರು. ನಾಲ್ಕು ಜನರೆದುರು ಆಡಿದ ಮಾತನ್ನು ಮಾವನವರು ತಮ್ಮ ಆಯುಷ್ಯದಲ್ಲಿ ಹಿಂದಕ್ಕೆ ತೆಗೆದುಕೊಂಡವರಲ್ಲ. ಮೊಪೆಡ್ಡಿನ ಸದ್ದು ದೂರವಾದ ಮೇಲೆ ರುಮಾಲು ಸರಿಮಾಡಿಕೊಂಡು ಆಡನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಟ್ರ್ಯಾಕ್ಟರಿನ ಮಾತು ಅಲ್ಲಿಗೆ ಮುಗಿಯಿತು.

ಕೆಲವು ದಿನಗಳ ಮೇಲೆ ಬಾಗೇವಾಡಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನಾನು ಮಾವನವರ ಪಕ್ಕದಲ್ಲಿ ಕೂತಿದ್ದೆ. ಯಾರೋ ಹಿರಿಯರು ಅವರನ್ನು ಕೇಳಿದರು, "ಮಮದಾಪುರದ ಹೊಲ ಅಳಿಯಂದ್ರಿಗೆ ಕೊಟ್ರಂತ, ಖರೆ ಏನು?"

ಮಾವನವರು ಹೋಳಿಗೆ ಮುರಿಯುತ್ತ ನಿಧಾನವಾಗಿ ಹೇಳಿದರು. "ಛೇ, ಅಳಿಯಗ ಯಾರು ಕೊಡ್ತಾರ್ರಿ? ಹೊಲ ಆಡಿಗೆ ಕೊಟ್ಟೀನಿ. ಅಳಿಯನ್ನ ಅದರ ಕೈಯಾಗ ಆಳು ಇಟ್ಟೀನಿ."