ಕನಕಧೀರನಿಗೆ ಸುಣ್ಣಬಣ್ಣ

ತಮ್ಮ ಕನಕಧೀರನ ಮೈಮೇಲೆ ಒಂದು ತೊಟ್ಟು ರಕ್ತ ಕಂಡರೂ ಅಂದಿನಿಂದ ಕುಂಚ ಮುಟ್ಟುವುದಿಲ್ಲ ಎಂದು ಡ್ರಾಯಿಂಗ್ ಮೇಷ್ಟ್ರು ರವಿಚಂದ್ರ ಘೋರ ಪ್ರತಿಜ್ಞೆ ಮಾಡಿದ್ದು ನಿಟ್ಟುವಳ್ಳಿಯ ಬಾಡಿಗೆ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ. ಸಾಕ್ಷಿಗಿದ್ದವರು ಹೆಂಡತಿ ಸುನೀತಾ ಮತ್ತು ಒಲೆಯ ಮೇಲೆ ಕುದಿಯುತ್ತಿದ್ದ ಸಾರು. ಸಾರು ಬಿಳಿಚಿಕೊಂಡಿತ್ತು. ಮನೆಯ ಅರಿಶಿಣವೆಲ್ಲ ನಾಲ್ಕು ದಿನದಿಂದ ಕನಕಧೀರನ ಮೈಗೇ ಹೋಗುತ್ತಿತ್ತು!

ಈ ಕನಕಧೀರ ಹೊನ್ನಪುರದ ರಾಜಕುಮಾರ, ಮೇಷ್ಟ್ರು ತಾವೇ ಕಥೆ ಕಟ್ಟಿ ತಾವೇ ಚಿತ್ರ ಬರೆಯುತ್ತಿದ್ದ ಕಾಮಿಕ್ಸ್ ಮಾಲಿಕೆಯ ನಾಯಕ. ಹುಟ್ಟುತ್ತಲೇ ಚಿನ್ನದ ಮೈ. ಕತ್ತಿ ತಾಗದು, ಬೆಂಕಿ ಸುಡದು, ಸೊಳ್ಳೆಯೂ ಕಚ್ಚದು. ಪ್ರತಿ ಸಂಚಿಕೆಯ ಮೂರನೇ ಪುಟಕ್ಕೇ ರಾಕ್ಷಸನನ್ನು ಮುಗಿಸಿ, ಉಳಿದ ಇಪ್ಪತ್ತೊಂದು ಪುಟ ಬೆಟ್ಟದ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದ. ಚಿತ್ರಗಳೇನೋ ನಿಜಕ್ಕೂ ಸೊಗಸು. ರೆಕ್ಕೆಯ ಕುದುರೆಯ ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ಎಣಿಸುವ ಓದುಗರು ಮಾತ್ರ ಇರಲಿಲ್ಲ. ಆರು ಸಂಚಿಕೆಗಳೂ ಹೋದ ದಾರಿಯಲ್ಲೇ ತಿರುಗಿ ಬಂದು ಮಂಚದ ಕೆಳಗೆ ಸೇರಿದ್ದವು.

"ಅವನಿಗೆ ಏನೂ ಆಗಲ್ಲ ಅಂತ ಗೊತ್ತಿದ್ದ ಮ್ಯಾಲೆ ಮುಂದಿನ ಹಾಳಿ ಯಾಕ ತಿರುವಬೇಕ್ರಿ?" ಎಂದು ಸುನೀತಾ ಕೇಳಿದ್ದಳು. ಕಲೆಯ ಮರ್ಮ ಸಾರು ಕುದಿಸುವವರಿಗೆ ತಿಳಿಯುವುದಿಲ್ಲ ಎಂದು ಮೇಷ್ಟ್ರು ಹೇಳಿದರು. ಅಂದು ಮಧ್ಯಾಹ್ನ ಸಾರಿಗೆ ಉಪ್ಪೂ ಬೀಳಲಿಲ್ಲ.

ಆದರೆ ಹರಿಹರದ ಮುದಸ್ಸಿರನ ಮಾತನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ಅವನದು ಸಣ್ಣ ಮುದ್ರಣಾಲಯ. ಹಳೆಯ ಸ್ನೇಹಕ್ಕೆ ಕಟ್ಟುಬಿದ್ದು, ಲಗ್ನಪತ್ರಿಕೆಗಳ ನಡುವೆ ಬಿಡುವು ಮಾಡಿಕೊಂಡು ಕನಕಧೀರನನ್ನು ಅಚ್ಚು ಹಾಕುತ್ತಿದ್ದ. "ಮೇಷ್ಟ್ರೇ, ಏಳನೇದೂ ಹಿಂಗೇ ವಾಪಸ್ ಬಂತಂದ್ರ ನಿಲ್ಲಿಸಿಬಿಡಾಣ. ಭಾನುವಾರ ನಾಕು ಗಂಟಿ ಒಳಗ ಹಾಳಿ ಕೊಡ್ರಿ. ಸೋಮವಾರದಿಂದ ಮಿಷನ್ ಖಾಲಿ ಇರಲ್ಲ" ಎಂದು ಫೋನಿನಲ್ಲಿ ಮೆತ್ತಗೆ ಹೇಳಿದ್ದ. ಗಟ್ಟಿಯಾಗಿ ಹೇಳಿದ್ದರೆ ಮೇಷ್ಟ್ರು ಜಗಳವಾಡಿಯಾದರೂ ಗೆಲ್ಲುತ್ತಿದ್ದರು. ಮೆತ್ತಗೆ ಹೇಳಿದ್ದು ಎದೆಗೆ ನಾಟಿತು. ಹತ್ತು ವರ್ಷ ಶಾಲೆಯಲ್ಲಿ ಹೂಜಿ, ಮಾವಿನಹಣ್ಣು ಬರೆಸಿ ಬರೆಸಿ ಸಾಕಾಗಿದ್ದ ಅವರಿಗೆ ಇದ್ದದ್ದು ಆ ರಾಜಕುಮಾರನೊಬ್ಬನೇ.

ಸರಿ, ಮೇಷ್ಟ್ರು ಸೊಂಟ ಕಟ್ಟಿ ನಿಂತರು. ಕಥೆಯಲ್ಲಿ ಕೊರತೆಯಿಲ್ಲ, ಕೊರತೆ ಬಣ್ಣದ್ದು ಎಂದು ತೀರ್ಮಾನಿಸಿದರು. ಅಂಗಡಿಯ ಹಳದಿಗೆ ಚಿನ್ನದ ಹೊಳಪೆಲ್ಲಿಂದ ಬರಬೇಕು? ಹೊಸ ಸಂಚಿಕೆಗೆ ಅಪ್ಪಟ ಮನೆಬಣ್ಣಗಳೇ ಆಗಬೇಕು. ಆಕಾಶಕ್ಕೆ ಬಟ್ಟೆಗೆ ಹಾಕುವ ನೀಲಿ, ರಾಕ್ಷಸ ಇದ್ದಿಲಾಸುರನಿಗೆ ದೀಪದ ಕಾಡಿಗೆ, ಕನಕಧೀರನಿಗೆ ಗಿರಣಿಯಲ್ಲಿ ಬೀಸಿಸಿ ತಂದ ಹೊಸ ಅರಿಶಿಣ. ಕೆಂಪು ಬೇಕಾಗುವ ಪ್ರಸಂಗವೇ ಇಲ್ಲವೆಂದು ಕೆಂಪು ಬಾಟಲಿಯನ್ನು ಅಟ್ಟಕ್ಕೆ ಹಾಕಿದರು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ನಾಲ್ಕನೇ ಪುಟ ಮುಗಿಯಿತು. ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿ, ಫ್ಯಾನು ಹಾಕಿ, ಮೇಷ್ಟ್ರು ಕ್ಷೌರದಂಗಡಿಗೆ ಹೊರಟರು. ಹಿಂಬದಿಯ ರಕ್ಷಾಪುಟಕ್ಕೆ ಕಲಾವಿದರ ಫೋಟೋ ಬೇಕಲ್ಲ! ಕತ್ತರಿ ಆಡುವಷ್ಟು ಹೊತ್ತೂ, ಮುಂದಿನ ವಾರ ತಮ್ಮನ್ನು ಹೀಗೆ ಸುಮ್ಮನೆ ಕೂರಿಸಿ ಕ್ಷೌರ ಮಾಡಲು ಜನ ಬಿಡುವುದಿಲ್ಲ ಎಂದು ಕ್ಷೌರಿಕನಿಗೆ ತಿಳಿಹೇಳಿದರು.

ಮನೆಯಲ್ಲಿ ಹಿಂದಿನ ದಿನವಷ್ಟೇ ಹರಿಹರದಿಂದ ಬಂದಿದ್ದ ಮೇಷ್ಟ್ರ ಅತ್ತೆ, ಸುನೀತಾಳ ತಾಯಿ ಕೊಟ್ರವ್ವ ಇದ್ದರು. ಒಂದು ಹೊತ್ತಿನ ಊಟ ತಪ್ಪಿದರೆ ಅವರು ಸಹಿಸಿಯಾರು, ಎಲೆಅಡಿಕೆ ತಪ್ಪುವಂತಿಲ್ಲ. ಬಲಗೈ ತೋರುಬೆರಳಿನ ತುದಿಯಲ್ಲಿ ಯಾವಾಗಲೂ ಒಂದಿಷ್ಟು ಸುಣ್ಣ ಇರುತ್ತಿತ್ತು. ಓದು ಬರುತ್ತಿತ್ತು, ಆದರೆ ಪ್ರತಿ ಅಕ್ಷರದ ಕೆಳಗೆ ಬೆರಳಿಟ್ಟು, ಬೆರಳನ್ನು ನಾಲಿಗೆಗೆ ಸೋಕಿಸಿ ಹಾಳೆ ತಿರುವಿ ಓದುವ ನಿಧಾನದ ಓದು.

ಮೇಷ್ಟ್ರು ನುಣ್ಣಗಾದ ಗಲ್ಲ ಸವರಿಕೊಳ್ಳುತ್ತ ಒಳಗೆ ಬಂದಾಗ ಗಂಟೆ ಒಂದು. ಸುನೀತಾ ಒದ್ದೆ ಬಟ್ಟೆ ಹಿಡಿದು ಕಲ್ಲಾಗಿದ್ದಳು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮಂಚದ ಮೇಲೆ, ಚಿನ್ನದ ಮೈಯ ಕನಕಧೀರ ತಲೆಯಿಂದ ಕಾಲಿನವರೆಗೆ ರಕ್ತದಲ್ಲಿ ತೊಯ್ದಿದ್ದ!

ಅರಿಶಿಣಕ್ಕೆ ಸುಣ್ಣ ಸೋಕಿದರೆ ಏನಾಗುತ್ತದೆಂದು ಆರತಿ ತಟ್ಟೆ ಕಂಡ ಮಕ್ಕಳಿಗೂ ಗೊತ್ತು. ಚಿತ್ರಕಲೆಯಲ್ಲಿ ಡಿಪ್ಲೊಮಾ ಪಡೆದ ಮೇಷ್ಟ್ರಿಗೆ ಮಾತ್ರ ಹೊಳೆದಿರಲಿಲ್ಲ. ಕೊಟ್ರವ್ವ ಮೊದಲ ಪುಟದಲ್ಲಿ ಹುಡುಗ ಎಷ್ಟು ಲಕ್ಷಣವಾಗಿದ್ದಾನೆಂದು ಕೆನ್ನೆ ಸವರಿದ್ದರು. ಕೆನ್ನೆಯಿಂದ ರಕ್ತ ಬಂತು. ಅಯ್ಯೋ ಪಾಪ ಎಂದು ಒರೆಸಿದರು. ಹಣೆಯೂ ಒಡೆಯಿತು. ಕಥೆಯೇ ಹೀಗಿರಬೇಕೆಂದುಕೊಂಡು ಮುಂದೆ ಓದಿದರು. ಪುಟ ಪುಟಕ್ಕೂ ಗಾಯ ಹೆಚ್ಚಿತು, ಗಾಯ ಹೆಚ್ಚಿದಷ್ಟೂ ಅವರು ಸವರಿದರು. ಹನ್ನೆರಡನೇ ಪುಟಕ್ಕೆ ತಡೆಯಲಾರದೆ ಮಗಳನ್ನು ಕೂಗಿದರು. ಬಟ್ಟೆ ಒಗೆಯುತ್ತಿದ್ದ ಸುನೀತಾ ಕೈಯಲ್ಲಿದ್ದ ಬಟ್ಟೆಯ ಸಮೇತ ಓಡಿ ಬಂದು ಉಳಿದ ಪುಟಗಳನ್ನೂ ಒತ್ತಿ ಒರೆಸಿದಳು. ಸಾಬೂನಿನ ನೀರು ಸುಣ್ಣದ ಒಡಹುಟ್ಟು. ಅತ್ತೆಯಿಂದಾದದ್ದು ಗಾಯ, ಹೆಂಡತಿಯಿಂದಾದದ್ದು ರಕ್ತಸ್ನಾನ!

"ಸಮಾಧಾನ ಮಾಡಾಣ ಅಂತ ಸವರಿದೆ ಅಳಿಯಂದ್ರ. ಸವರಿದಷ್ಟೂ ಹೆಚ್ಚಾತು" ಎಂದರು ಕೊಟ್ರವ್ವ.

ಸೀರೆಯ ಅರಿಶಿಣದ ಕೆಂಪು ಕಲೆಗೆ ನಿಂಬೆಹುಳಿ ಹಾಕಿದರೆ ಮತ್ತೆ ಹಳದಿಯಾಗುತ್ತದೆಂದು ಸುನೀತಾಗೆ ನೆನಪಾಯಿತು. ಏಳನೇ ಪುಟದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರು. ಕೆನ್ನೆ ಚಿನ್ನವಾಯಿತು. ಮೇಷ್ಟ್ರು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಕಾಡಿಗೆ ಕರಗಿ, ಕನಕಧೀರನ ಮೀಸೆ ನಿಧಾನಕ್ಕೆ ಇಳಿದು ಗಡ್ಡವಾಯಿತು, ಗಡ್ಡ ಇಳಿದು ಪದಕವಾಯಿತು. ಉಳಿದ ಅರ್ಧ ನಿಂಬೆಹಣ್ಣನ್ನು ಮೇಷ್ಟ್ರು ಕಿಟಕಿಯಿಂದಾಚೆ ಎಸೆದರು.

ಗಂಟೆ ಎರಡು. ಚಿತ್ರ ಹೇಗೂ ಹೋಗಿದೆ, ಮಾತನ್ನಾದರೂ ಬದಲಿಸಿ ಎಂದಳು ಸುನೀತಾ. ಮೈಯೆಲ್ಲ ರಕ್ತ ಸುರಿಸಿಕೊಂಡು ನಿಂತವನ ಬಾಯಿಂದ, 'ಎಲವೋ ಇದ್ದಿಲಾಸುರಾ, ನಿನ್ನ ಖಡ್ಗವು ನನ್ನ ರೋಮವನ್ನೂ ಸೋಂಕದು!' ಎಂಬ ಮಾತಿನ ಗುಳ್ಳೆ ಎದ್ದಿತ್ತು. ಮೇಷ್ಟ್ರು ಒಪ್ಪಲಿಲ್ಲ. ಪ್ರತಿಜ್ಞೆಯೆಂದರೆ ಪ್ರತಿಜ್ಞೆ. ಮಾಲಿಕೆ ನಿಂತರೂ ಸರಿ, ತಮ್ಮ ವೀರ ನರಳುವುದಿಲ್ಲ ಎಂದು ಹಟ ಹಿಡಿದು ಕುಳಿತರು.

ಆಗ ಕೊಟ್ರವ್ವ ಮೂಲೆಯಿಂದ ಕೇಳಿದರು: "ಇಷ್ಟು ರಕ್ತ ಹೋಗೈತಿ. ಒಮ್ಮೆನಾರ ಅವ್ವಾ ಅನ್ನಬಾರದೇನ್ರಿ ಅವನು? ಅವ್ವ ಇಲ್ಲೇನು ಅವನಿಗೆ?"

ಮೇಷ್ಟ್ರು ಹಾಳೆಗಳತ್ತ ತಿರುಗಿದರು. ಆರು ಸಂಚಿಕೆ ಬರೆದಿದ್ದರು. ಕುದುರೆಗೆ ವಂಶಾವಳಿ ಕೊಟ್ಟಿದ್ದರು, ಕತ್ತಿಗೆ ಹೆಸರಿಟ್ಟಿದ್ದರು. ಕನಕಧೀರನಿಗೊಬ್ಬ ತಾಯಿ ಬೇಕೆಂದು ಹೊಳೆದೇ ಇರಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು, ಪೆನ್ನು ಕೈಗೆತ್ತಿಕೊಂಡರು.

ಸುನೀತಾ ಬಿಳಿ ಹಾಳೆ ಕತ್ತರಿಸಿದಳು. ಅನ್ನದ ಅಗುಳೇ ಅಂಟು. ಮೂರು ಮೂರು ಸಾಲಿನ ಗುಳ್ಳೆಗಳ ಮೇಲೆ ಒಂದೊಂದೇ ಮಾತು ಕೂತಿತು: 'ಅವ್ವಾ.' ಎಂಟನೇ ಪುಟದಲ್ಲಿ, 'ನೀರು.' ಇಪ್ಪತ್ತರಲ್ಲಿ, 'ಅವ್ವಾ, ಹೆದರಿಕೆ ಆಗುತ್ತೆ.' ಬೆಟ್ಟದ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಭಂಗಿ ಈಗ ನೋವಿಗೆ ಸೊಂಟ ಹಿಡಿದುಕೊಂಡಂತೆ ಕಂಡಿತು. ಕೊನೆಯ ಪುಟದಲ್ಲಿ ಅವನು ಬದುಕಿದನೇ ಇಲ್ಲವೇ ಎಂದು ಬರೆಯುವ ಮೊದಲೇ ಬಸ್ಸಿನ ಹೊತ್ತಾಯಿತು. ಮೇಷ್ಟ್ರು ನಾಲ್ಕಕ್ಕೆ ಐದು ನಿಮಿಷವಿರುವಾಗ ಹರಿಹರ ತಲುಪಿ ಹಾಳೆ ಕೊಟ್ಟು, ಮುದಸ್ಸಿರನ ಮುಖ ನೋಡಲಾರದೆ ಹಿಂದಿರುಗಿದರು.

ಏಳನೇ ಸಂಚಿಕೆ ಹತ್ತೇ ದಿನಕ್ಕೆ ಮುಗಿದುಹೋಯಿತು! ಮುದಸ್ಸಿರ್ ಎರಡನೇ ಸಲ ಅಚ್ಚು ಹಾಕಿದ. ಶಮೀಮ್ ಎಂಬ ಓದುಗರು ಕಾಗದ ಬರೆದರು: ಆರು ಸಂಚಿಕೆ ಗೊಂಬೆ ಬರೆದಿದ್ದಿರಿ, ಈ ಸಲ ಮನುಷ್ಯ ಬಂದಿದ್ದಾನೆ, ಬೆರಳಲ್ಲಿ ಸವರಿದಂತಿರುವ ಆ ಗಾಯಗಳ ಕೆಂಪು ಯಾವ ಕಂಪನಿಯದು? ಮೇಷ್ಟ್ರು ಕಾಗದವನ್ನು ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಮೂರು ಸಲ ಓದಿ, ಅದು ತಾವು ವರ್ಷಗಟ್ಟಲೆ ಯೋಚಿಸಿ ಕಂಡುಕೊಂಡ ತಂತ್ರವೆಂದು ಗಂಭೀರವಾಗಿ ವಿವರಿಸಿದರು. ಪ್ರತಿಜ್ಞೆಯ ಸುದ್ದಿ ಎತ್ತಲಿಲ್ಲ.

ಗಾಯಕ್ಕೇ ಇಷ್ಟು ಜನ ಸೇರಿದರೆ ಸಾವಿಗೆ ಎಷ್ಟು ಸೇರಬೇಡ? ಎಂಟನೇ ಸಂಚಿಕೆಯಲ್ಲಿ ಮೇಷ್ಟ್ರು ಕನಕಧೀರನನ್ನು ಕೊಂದೇಬಿಟ್ಟರು. ಆದರೆ ಗಾಯ ಕೂರಲಿಲ್ಲ. ತಾವೇ ಬೆರಳಿಗೆ ಸುಣ್ಣ ಹಚ್ಚಿ ಒತ್ತಿದರು, ನಾಮ ಇಟ್ಟಂತಾಯಿತು. ಸುನೀತಾಳಿಂದ ಒತ್ತಿಸಿದರು, ಹೋಳಿ ಆಡಿದಂತಾಯಿತು. ಕೊಟ್ರವ್ವನ ಬೆರಳೇ ಬೇಕು! ಮರುದಿನವೇ ಮೇಷ್ಟ್ರು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದರು. ಅದಕ್ಕೆಂದೇ ಒಂದು ಹೊಸ ಸುಣ್ಣದ ಡಬ್ಬಿಯನ್ನೂ ಒಯ್ದರು.

ಅತ್ತೆ ಜಗಲಿಯಲ್ಲಿದ್ದರು. ಮೇಷ್ಟ್ರು ಡಬ್ಬಿಯನ್ನು ಭಕ್ತಿಯಿಂದ ಮುಂದಿಟ್ಟರು. ಕೊಟ್ರವ್ವ ಅದನ್ನು ಬೆರಳ ತುದಿಯಿಂದ ಆಚೆ ಸರಿಸಿದರು. ಬೆರಳು ಚೊಕ್ಕವಾಗಿತ್ತು.

"ಬಿಟ್ಟೀನ್ರಿ. ಅಮಾಸಿಗೆ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗಿದ್ದೆ. ಆ ಹುಡುಗ ಉಳೀಲಿ, ಇನ್ನು ಎಲೆಅಡಿಕಿ ಮುಟ್ಟಲ್ಲ ಅಂತ ಅಜ್ಜಯ್ಯಗ ಮಾತು ಕೊಟ್ಟು ಬಂದೀನಿ. ನನ್ನ ಕೈಯಿಂದ ಆಗಿದ್ದಲ್ಲೇನು ಅದು?" ಎಂದು ಮುಂದಕ್ಕೆ ಬಾಗಿ ಕೇಳಿದರು, "ಹೆಂಗದಾನ್ರಿ ಈಗ?"

ನಲವತ್ತು ವರ್ಷದ ಎಲೆಅಡಿಕೆ! ಮೇಷ್ಟ್ರ ಕನಕಧೀರನಿಗಾಗಿ ಈ ಲೋಕದಲ್ಲಿ ಯಾರೂ ಏನನ್ನೂ ಬಿಟ್ಟಿರಲಿಲ್ಲ, ಸುನೀತಾ ಬಿಟ್ಟ ಅರಿಶಿಣವೊಂದನ್ನು ಬಿಟ್ಟು. ಮಡಿಲಲ್ಲಿದ್ದ ಚೀಲದೊಳಗೆ, ಇಪ್ಪತ್ನಾಲ್ಕನೇ ಪುಟದಲ್ಲಿ, ಅವನ ಹೆಣ ಅಚ್ಚುಕಟ್ಟಾಗಿ ಮಲಗಿತ್ತು. ಮೇಷ್ಟ್ರು ಚೀಲದ ಬಾಯನ್ನು ಎರಡೂ ಕೈಯಿಂದ ಬಿಗಿಹಿಡಿದರು. ಕಣ್ಣು ಮಂಜಾಯಿತು.

"ಅದಾನ್ರಿ ಅತ್ತಿ. ಆಸ್ಪತ್ರ್ಯಾಗ ಅದಾನ. ಗುಣ ಆಗ್ತಾನ" ಎಂದರು. ಹೇಳುವಾಗಲೇ ಇಪ್ಪತ್ನಾಲ್ಕೂ ಪುಟ ಮತ್ತೆ ಬರೆಯಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದರು.

ಕೊಟ್ರವ್ವ ದೀರ್ಘವಾಗಿ ಉಸಿರುಬಿಟ್ಟು ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದಾಯಿತು. ಬಿಸಿ ರೊಟ್ಟಿಯ ವಾಸನೆಗೆ, ಬೆಳಿಗ್ಗೆಯಿಂದ ಏನೂ ತಿನ್ನದ ಮೇಷ್ಟ್ರ ಹೊಟ್ಟೆ ಚುರುಗುಟ್ಟಿತು. ಅತ್ತೆ ಬಂದು, ಬಿಳಿ ವಸ್ತ್ರದಲ್ಲಿ ಕಟ್ಟಿದ ಬುತ್ತಿಯನ್ನು ಅವರ ಕೈಗಿತ್ತರು.

"ಗಾಯ ಐತಲ್ಲ, ಖಾರ ಇಟ್ಟಿಲ್ಲ" ಎಂದರು. "ಅವನಿಗೇ ಕೊಡ್ರಿ. ದಾರ್ಯಾಗ ನೀವು ತಿನಬ್ಯಾಡ್ರಿ ಮತ್ತ."