ಕಾಶೀನಾಥನ ತಲೆಯ ಮೇಲಿನ ಸಬ್ಬಸಿಗೆ

ನನ್ನ ಗೆಳೆಯ ಕಾಶೀನಾಥ ಜೂನ್ ಹನ್ನೊಂದರ ರಾತ್ರಿ ತಿರುವನಂತಪುರದ ಆಸ್ಪತ್ರೆಯಲ್ಲಿ ತೀರಿಕೊಂಡ. ಕ್ಯಾನ್ಸರ್. ಐವತ್ತೇಳು ವರ್ಷ. ಗದಗದವನು, ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಇಂಜಿನಿಯರ್ ಆಗಿದ್ದ.

ಅವನ ಬಗ್ಗೆ ನಾಲ್ಕು ಸಾಲು ಬರೆದುಕೊಡಿ ಎಂದು ಕನ್ನಡ ಸಂಘದವರು ಕೇಳಿದರು. ಗಂಭೀರವಾಗಿ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಅಕ್ಕಿರೊಟ್ಟಿ ಅಡ್ಡ ಬಂತು. ಹಾಗಾಗಿ ಅದನ್ನೇ ಬರೆಯುತ್ತೇನೆ. ಇದು ತಪ್ಪೊಪ್ಪಿಗೆ. ನಗು ಬಂದರೆ ನಗಬಹುದು, ಅವನೇ ನಕ್ಕಿದ್ದಾನೆ.

ಕಾಶೀನಾಥನ ಹೊಟ್ಟೆಪಾಡು ರಾಕೆಟ್ಟು. ಹುಚ್ಚು ಮಾತ್ರ ಮಾತುಕತೆ! ಕೆಮ್ಮಣ್ಣಿನಲ್ಲಿ ಚಿತ್ರ ಬರೆಯುವವನು, ಹಲಸಿನ ಸಿಪ್ಪೆಯನ್ನೂ ಬಿಡದೆ ಪಲ್ಯ ಮಾಡುವಾಕೆ, ಹಳೆಯ ದೋಣಿಯ ಹಲಗೆಯಲ್ಲಿ ಮೇಜು ಮಾಡುವ ಬಡಗಿ, ಇಂಥವರನ್ನು ಹುಡುಕಿಕೊಂಡು ಹೋಗುತ್ತಿದ್ದ. ಅವರು ಬಡಿಸಿದ್ದನ್ನು ತಿನ್ನುತ್ತ ಕಲೆ, ಊಟ, ಮಣ್ಣು, ಕಸ ಎಲ್ಲದರ ಬಗ್ಗೆಯೂ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಕೊಚ್ಚಿ ಮತ್ತು ತಿರುವನಂತಪುರದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಇನ್ನೂರ ಹನ್ನೆರಡು ಜನ ಕೇಳುತ್ತಿದ್ದರು. ಇಪ್ಪತ್ತನಾಲ್ಕು ಮಾತುಕತೆ ಮುಗಿದಿದ್ದವು. ಅಷ್ಟರಲ್ಲಿ ಕಿಮೋ ಶುರುವಾಗಿ ಅವನ ತಲೆ ಬೋಳಾಯಿತು.

ಇಪ್ಪತ್ತೈದನೆಯ ಅತಿಥಿ ಚಂದ್ರಾವತಿ. ಕಾಸರಗೋಡಿನವರು, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಹಸಿಮಣ್ಣಿನ ಶಿಲ್ಪ ಮಾಡುತ್ತಾರೆ. ಸುಡುವುದಿಲ್ಲ, ಬಣ್ಣ ಬಳಿಯುವುದಿಲ್ಲ. ನೋಡಿ ಆದ ಮೇಲೆ ಕರಗಿ ಮತ್ತೆ ಮಣ್ಣಿಗೇ ಸೇರಬೇಕು ಎನ್ನುವುದು ಅವರ ಪಂಥ. ದಿನ ಗೊತ್ತುಮಾಡಲು ನಾವು ಮೂವರೂ ಫೋನಿನಲ್ಲಿ ಸೇರಿದಾಗ ಕಾಶೀನಾಥ ಶುರು ಮಾಡಿದ.

"ಮೇಡಂ, ನನ್ನ ತಲಿ ಈಗ ಖಾಲಿ ಹೊಲಾ ಆಗೇತ್ರಿ. ಏನರೆ ಬಿತ್ತಬೇಕಂತ ಮಾಡೇನಿ."

"ಬಿತ್ತುವ ಮಾರಾಯ್ರೆ! ಫೋಟೋ ಕಳಿಸಿ. ತಲೆ ನಾನು ಮಾಡ್ತೇನೆ. ಬೀಜ ನಿಮ್ದು."

"ಸಬ್ಬಸಗಿ! ಗದಗಿಂದ ತಂದಿದ್ದು ಒಂದು ಪುಡಿಕಿ ಐತಿ. ಸಣ್ಣ ಸಣ್ಣ ಎಳಿ, ಥೇಟ್ ನನ್ನ ಕೂದ್ಲಾ ಇದ್ದಂಗ."

ಒಂದು ತೊಡಕಿತ್ತು. "ಬೆಳೆಸಲಿಕ್ಕೆ ನಮ್ಮಲ್ಲಿ ಆಗುವುದಿಲ್ಲ," ಎಂದರು ಚಂದ್ರಾವತಿ. "ಇಲ್ಲಿ ಓಣಿ ತುಂಬ ಆಡುಂಟು. ಸೊಪ್ಪು ಕಂಡರೆ ಒಳಗೇ ಬರ್ತಾವೆ."

ಕೊಚ್ಚಿಯಲ್ಲೇ ಇರುವ ನಾನು ಎದೆಯುಬ್ಬಿಸಿ ಹೇಳಿದೆ: "ತ್ರಿಪ್ಪುಣಿತ್ತುರದಲ್ಲಿ ನಮ್ಮದು ನಾಲ್ಕನೇ ಮಹಡಿ. ಬಾಲ್ಕನಿ ಇದೆ, ಆಡು ಇಲ್ಲ! ಕಸ್ಟಮ್ಸಿನಲ್ಲಿ ಇಪ್ಪತ್ತಾರು ವರ್ಷ ಹಡಗುಗಟ್ಟಲೆ ಸರಕು ನೋಡಿದ್ದೇನೆ. ಒಂದು ತಲೆ ಏನು ಮಹಾ? ನನಗೆ ಬಿಡಿ!"

"ನಿನಗ ಬಿಟ್ಟೇವಿ ವಿನಾಯಕಾ," ಎಂದ ಕಾಶೀನಾಥ. "ಮಾತುಕತೀನೂ ನೀನ ಮಾಡು. ಊಟಾ ಆದಮ್ಯಾಲೆ ಮಧ್ಯಾಹ್ನ ಒಂದಕ್ಕ ವಿಡಿಯೋದಾಗ ನನಗ ತಲಿ ತೋರಸ್ರಿ. ಅಲ್ಲೀತನಾ ಫೋಟೋ ಬ್ಯಾಡ. ಕೂದ್ಲಾ ಇದ್ದ ಕಾಶೀನಾಥನ್ನ ಒಮ್ಮಿಗೇ ನೋಡತೇನಿ."

ಮರುದಿನ ಅವನ ಹೆಂಡತಿ ದಾಕ್ಷಾಯಣಿ ಬೇರೆಯಾಗಿ ಫೋನ್ ಮಾಡಿದರು. "ಅಣ್ಣಾರ, ಡಾಕ್ಟರು ಮುಂದಿನ ಮಾತು ಏನೂ ಹೇಳವಲ್ರು. ಇವರು ಮಾತ್ರ ನಿಮ್ಮ ಬಾಲ್ಕನೀದ ಮಾತ ಆಡಾಕ ಹತ್ಯಾರ. ತಲಿ ಚಂದಾಗಿ ಬರಲ್ರಿ."

ತಲೆ ಬಂತು. ಅಬ್ಬಾ! ಅದೇ ದಪ್ಪ ಮೂಗು, ಅದೇ ಅಗಲ ಕಿವಿ, ಈಗ ಏನೋ ಹೇಳಿಬಿಡುತ್ತೇನೆ ಎನ್ನುವ ತುಟಿ. ನೆತ್ತಿಯ ಮೇಲೆ ತೆಂಗಿನ ನಾರಿನ ಪುಡಿ ತುಂಬಿ ಬೀಜ ಬಿತ್ತಿದ್ದರು. "ಸ್ಪ್ರೇ ಮಾಡಿ, ಸುರಿಯಬೇಡಿ. ಮುಖಕ್ಕೆ ನೀರು ತಾಗಿದರೆ ಎಲ್ಲ ಗೋವಿಂದ," ಎಂದು ಚಂದ್ರಾವತಿ ಎಚ್ಚರಿಸಿದ್ದರು.

ನನ್ನ ಹೆಂಡತಿ ರಾಜಲಕ್ಷ್ಮಿಯೂ ಮಗಳು ಅಪೂರ್ವಾಳೂ ಬೇಸಿಗೆ ರಜೆಗೆ ಮೈಸೂರಿಗೆ ಹೋಗಿದ್ದರು. ರಾಜಲಕ್ಷ್ಮಿಯ ಪ್ರಕಾರ ನನ್ನ ಕೈ ತಾಗಿದರೆ ಪ್ಲಾಸ್ಟಿಕ್ ಗಿಡವೂ ಬಾಡುತ್ತದೆ. ಆದ್ದರಿಂದ ಅವಳಿಗೆ ಒಂದು ಮಾತೂ ಹೇಳಲಿಲ್ಲ. ಬಂದು ನೋಡಿ ಮೂರ್ಛೆ ಹೋಗಲಿ! ಐದು ವಾರ ನಾನು ತಪಸ್ಸು ಮಾಡಿದೆ. ಬೆಳಿಗ್ಗೆ ಹನ್ನೆರಡು ಸಲ ಪಿಚಕಾರಿ, ಸಂಜೆ ಹನ್ನೆರಡು ಸಲ. ಮುಖಕ್ಕೆ ನನ್ನ ಹಳೆಯ ಲುಂಗಿ ಸುತ್ತಿದ್ದೆ. ಕೂದಲು ಒಂದೇ ಕಡೆ ವಾಲದಿರಲೆಂದು ಒಂದು ದಿನ ಮುಖ ರಸ್ತೆಗೆ, ಒಂದು ದಿನ ಗೋಡೆಗೆ. ದಿನವೂ ಆಸ್ಪತ್ರೆಗೆ ವರದಿ: "ಒಂದು ಬೆರಳು ಬಂತು." "ಎರಡು ಬೆರಳು!" ಮೂರು ಬೆರಳಾದ ದಿನ ಅವನಿಂದ ಉತ್ತರ ಬಂತು: "ಬಾಚಣಗಿ ರೆಡಿ ಇಡು."

ಮಾತುಕತೆಗೆ ಗೊತ್ತುಮಾಡಿದ್ದ ಭಾನುವಾರ ಬೆಳಿಗ್ಗೆ ತಾಯಿ ಮಗಳು ಮೈಸೂರಿನಿಂದ ಬಸ್ಸಿಳಿದು ಬಂದರು. ಕಾಶೀನಾಥನ ಕೂದಲು ನಾಲ್ಕು ಬೆರಳು, ಸೊಂಪಾಗಿ, ಗಾಳಿಗೆ ತೊನೆಯುತ್ತಿತ್ತು. ಮುಖ ಗೋಡೆಯ ಕಡೆಗಿತ್ತು. ನಾನು ಮೆಟ್ರೋ ಸ್ಟೇಷನ್ನಿಗೆ ಚಂದ್ರಾವತಿಯವರನ್ನು ಕರೆತರಲು ಹೊರಟವನು ಬಾಗಿಲಲ್ಲಿ ನಿಂತು, ತುಂಟ ನಗೆ ನಕ್ಕು ಹೇಳಿದೆ: "ರಾಜೂ, ಬಾಲ್ಕನಿಯಲ್ಲಿ ನಿನಗೊಂದು ಸರ್ಪ್ರೈಸ್ ಇದೆ!"

ಆ ಒಂದು ವಾಕ್ಯ ಹೇಳದಿದ್ದರೆ ನಾನು ಇವತ್ತು ಮರ್ಯಾದಸ್ಥನಾಗಿರುತ್ತಿದ್ದೆ.

ನಾವು ಬರುವಾಗ ಲಿಫ್ಟಿನವರೆಗೆ ಘಮಘಮ. ಒಳಗೆ ಬಾಳೆಲೆ ಹಾಸಿತ್ತು. ಕಾವಲಿಯಿಂದ ನೇರ ಎಲೆಗೆ ಬಿಸಿ ಅಕ್ಕಿರೊಟ್ಟಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ನಾನು ಫೋನಿನ ರೆಕಾರ್ಡರ್ ಒತ್ತಿ, ಕಾಶೀನಾಥ ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದೆ: "ನಿನ್ನೆ ನೀವು ಏನು ಬಿಸಾಕಿದಿರಿ?"

"ಒಂದು ಕುದುರೆ," ಎಂದರು ಚಂದ್ರಾವತಿ, ರೊಟ್ಟಿ ಮುರಿಯುತ್ತ. "ಕಾಲು ಸರಿ ಬರ್ಲಿಲ್ಲ. ಬಕೆಟಿಗೆ ಹಾಕಿ ನೀರು ಬಿಟ್ಟೆ. ಇವತ್ತು ಅದೇ ಮಣ್ಣಿಂದ ಆಮೆ ಮಾಡಿದೆ. ಉಳಿಯಬೇಕು ಉಳಿಯಬೇಕು ಅಂತ ಮಾಡಿದ ಕಲೆಯೆಲ್ಲ ಧೂಳು ಹಿಡಿದು ಕೂತಿರ್ತದೆ. ಅಡುಗೆ ನೋಡಿ, ಅದನ್ನು ಯಾರಾದ್ರೂ ಉಳಿಸಲಿಕ್ಕೆ ಮಾಡ್ತಾರಾ?"

ಎಂಥ ಮಾತು! ನಾನು ಉಬ್ಬಿಹೋದೆ. ಎರಡನೆಯ ರೊಟ್ಟಿ ಮುಗಿಸಿ, ಮೂರನೆಯದಕ್ಕೆ ಕೈ ಹಾಕುತ್ತ, ಸುಸ್ಥಿರ ಬದುಕಿನ ಬಗ್ಗೆ ಒಂದು ಭಾಷಣವನ್ನೇ ಬಿಗಿದೆ. "ನೋಡಿ, ನಮ್ಮ ಮನೆಯಲ್ಲಿ ಒಂದೆಳೆಯೂ ವ್ಯರ್ಥವಾಗುವುದಿಲ್ಲ. ಬೆಳೆದದ್ದನ್ನೇ ತಿನ್ನಬೇಕು, ತಿನ್ನುವುದನ್ನೇ ಬೆಳೆಯಬೇಕು!" ಇನ್ನೂ ಏನೇನೋ. ಏಳು ನಿಮಿಷ.

ನಾನು ಉಸಿರೆಳೆದುಕೊಂಡಾಗ ಚಂದ್ರಾವತಿ ಒಳಗೆ ಕೂಗಿ ಕೇಳಿದರು. "ರೊಟ್ಟಿಗೆ ಸಬ್ಬಸಿಗೆ ಹಾಕಿದ್ದೀರಲ್ಲ! ನಮ್ಮಲ್ಲಿ ಮಾರ್ಕೆಟಿಡೀ ಹುಡುಕಿದ್ರೂ ಸಿಗುವುದಿಲ್ಲ. ಎಲ್ಲಿ ಸಿಕ್ಕಿತು?"

ರಾಜಲಕ್ಷ್ಮಿ ಸೌಟು ಹಿಡಿದು ಹೊರಗೆ ಬಂದಳು. ಮುಖದಲ್ಲಿ ಮದುವೆಯ ದಿನವೂ ಇರದಿದ್ದ ಕಾಂತಿ. "ಇವರೇ ಬೆಳೆಸಿರೋದು ಕಣ್ರೀ! ನಾನಿಲ್ಲದಾಗ ಬಾಲ್ಕನಿ ಕುಂಡದಲ್ಲಿ! ಕೊಚ್ಚಿಗೆ ಬಂದು ಎಂಟು ವರ್ಷ ಆಯ್ತು, ಸಬ್ಬಸಿಗೆ ಸೊಪ್ಪಿಗೆ ಬಾಯಿ ಬಿಡ್ತಿದ್ದೆ. ಈ ಮನುಷ್ಯ ನೆನಪಿಟ್ಕೊಂಡು ಬೆಳೆಸಿದ್ದಾರೆ ನೋಡಿ!"

ಮೂರನೆಯ ರೊಟ್ಟಿಯಲ್ಲಿ ಉಳಿದಿದ್ದ ಕಾಲುಭಾಗವನ್ನು ಎಲೆಯ ಮೇಲೆ ಇಟ್ಟೆ.

"ರಾಜೂ... ಯಾವ ಕುಂಡ?"

"ಅದೇರೀ, ಲುಂಗಿ ಸುತ್ತಿಟ್ಟಿದ್ರಲ್ಲ."

ಬಾಲ್ಕನಿಗೆ ಓಡಿದೆ. ತಲೆಯನ್ನು ತಿರುಗಿಸಿದೆ. ಲುಂಗಿ ಬಿಚ್ಚಿದೆ. ಕಾಶೀನಾಥ ಮತ್ತೆ ಬೋಳಾಗಿದ್ದ! ಅದೂ ಕತ್ತರಿಯಲ್ಲಿ, ಸಮನಾಗಿ, ಮಿಲಿಟರಿಯವರ ಹಾಗೆ! ಹಿಂದೆಯೇ ಬಂದ ರಾಜಲಕ್ಷ್ಮಿ ಮುಖ ನೋಡಿದವಳೇ ಚೀರಿದಳು.

"ಅಯ್ಯಯ್ಯೋ! ಇದು ಕಾಶಣ್ಣ!"

"ಹೌದು! ನಾವು ಅವನ ಕೂದಲು ತಿಂದಿದ್ದೇವೆ!"

"ನೀವು ತಾನೇ ಸರ್ಪ್ರೈಸ್ ಅಂದಿದ್ದು!"

"ಸರ್ಪ್ರೈಸನ್ನು ಯಾರಾದರೂ ಒಗ್ಗರಣೆಗೆ ಹಾಕುತ್ತಾರೆಯೇ?"

"ಸೊಪ್ಪು ತೋರಿಸಿ ಸರ್ಪ್ರೈಸ್ ಅಂದ್ರೆ ನಾನೇನು ಪೂಜೆ ಮಾಡ್ಲಾ? ಹೇಳೋಕೇನಾಗಿತ್ತು ಬಾಯಿಗೆ?"

ಚಂದ್ರಾವತಿ ನಿಧಾನವಾಗಿ ಬಂದು, ತಮ್ಮ ಶಿಲ್ಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿಮ್ಮಲ್ಲಿ ಆಡು ಇಲ್ಲ ಅಂದಿದ್ರಿ."

ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಮುಂದುವರಿಸಿದರು: "ನನಗೇನೂ ಬೇಜಾರಿಲ್ಲ. ಕಲೆ ಹೊಟ್ಟೆಗೆ ಹೋಯಿತು, ಒಳ್ಳೇದೇ ಆಯ್ತು. ಆದರೆ ಒಂದು ಗಂಟೆಗೆ ಅವರಿಗೆ ಏನು ತೋರಿಸ್ತೀರಿ?"

ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು. ಐದು ವಾರ ಹಾಸಿಗೆಯಲ್ಲಿ ಬೆರಳು ಎಣಿಸಿದ ಮನುಷ್ಯ ಕಾಯುತ್ತಿದ್ದ. ನಾನು ಬಾಗಿಲ ಬಳಿಯ ಕಾಲೊರೆಸುವ ನಾರಿನ ಮ್ಯಾಟನ್ನು ಕಿತ್ತೆ! ಎಳೆ ಎಳೆ ಬಿಡಿಸಿದೆ! ಅನ್ನದ ಗಂಜಿ ಹಚ್ಚಿ ನೆತ್ತಿಗೆ ಅಂಟಿಸತೊಡಗಿದೆ. ದೂರದಿಂದ ಕೂದಲೆಂದೇ ಕಾಣುತ್ತಿತ್ತು, ಸತ್ಯವಾಗಿಯೂ! ಆದರೆ ಗಂಜಿ ಇಳಿಯಿತು. ಹಣೆಗೆ, ಹಣೆಯಿಂದ ಕೆನ್ನೆಗೆ.

"ಗಂಜಿ ಬೇಡ ಮಾರಾಯ್ರೆ, ಗಂಜಿ ಬೇಡ!" ಎಂದು ಚಂದ್ರಾವತಿ ಕೂಗುವಷ್ಟರಲ್ಲಿ ಎಡಗಿವಿ ನನ್ನ ಅಂಗೈಗೆ ಬಂತು. ಅದನ್ನು ಒತ್ತಿ ಕೂರಿಸಲು ಹೋದೆ. ಮೂಗು ಜಾರಿ ಗದ್ದದ ಮೇಲೆ ನಿಂತಿತು. ನಿದ್ದೆ ಮುಗಿಸಿ ಎದ್ದು ಬಂದ ಅಪೂರ್ವಾ ಕಣ್ಣುಜ್ಜಿಕೊಂಡು ಮಲಯಾಳದಲ್ಲಿ ಕೇಳಿದಳು, "ಅಯ್ಯೋ! ಇದಾರಾ?"

ಯಾರೆಂದು ಹೇಳಲಿ? ಅಷ್ಟರಲ್ಲಿ ಫೋನ್ ಬಂತು. ಹದಿನೈದು ನಿಮಿಷ ಮುಂಚೆಯೇ!

ಪರದೆಯ ಮೇಲೆ ಕಾಶೀನಾಥ. ದಿಂಬಿಗೆ ಒರಗಿದ್ದ, ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಮೂಗಿಗೆ ನಳಿಕೆ. "ತೋರಸಲೇ, ತೋರಸು!"

ಫೋನು ತಿರುಗಿಸಿದೆ. ಒಂದು ಕಿವಿ, ಗದ್ದಕ್ಕೆ ಮೂಗು, ನೆತ್ತಿಯಲ್ಲಿ ಕಾಲೊರೆಸುವ ಮ್ಯಾಟು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೂ ಬಿಟ್ಟೆ.

ಮೊದಲು ಕೆಮ್ಮು ಎಂದುಕೊಂಡೆ. ನಗು! ದಾಕ್ಷಾಯಣಿ ಬೆನ್ನು ನೀವುತ್ತಿದ್ದರು, ಅವನು ನಗುತ್ತಿದ್ದ.

"ಎಷ್ಟ್ ರೊಟ್ಟಿ ಆದುವಲೇ?"

"ಎಂಟು."

"ನೀ ಎಷ್ಟ್ ತಿಂದಿ?"

"...ಎರಡೂ ಮುಕ್ಕಾಲು."

"ಹೊಟ್ಟಿಬಾಕ! ಉಳದಾವಿಲ್ಲೋ?"

"ಎರಡಿವೆ."

"ನಾಳೆ ತಗೊಂಡ್ ಬಾ. ಬೆಳಿ ನಂದು, ನನಗ ಬ್ಯಾಡೇನು? ಮತ್ತ ಆ ರೆಕಾರ್ಡಿಂಗ್ ಬಂದ್ ಮಾಡಿಲ್ಲಲ್ಲ?"

ಬಾಲ್ಕನಿಗೆ ಓಡುವಾಗ ರೆಕಾರ್ಡರ್ ನಿಲ್ಲಿಸದೆಯೇ ಫೋನನ್ನು ಜೇಬಿಗೆ ಹಾಕಿಕೊಂಡಿದ್ದೆ. ಕರೆ ಬರುವವರೆಗಿನ ಪ್ರತಿಯೊಂದು ಚೀತ್ಕಾರವನ್ನೂ ಅದು ನುಂಗಿಕೊಂಡಿತ್ತು. "ಇಲ್ಲ," ಎಂದೆ. "ಹಂಗ ಕಳಸು. ಒಂದಕ್ಷರ ತಗೀಬ್ಯಾಡ," ಎಂದ.

ಮರುದಿನ ಬೆಳಗಿನ ರೈಲಿನಲ್ಲಿ ಹೋಗಿ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದು, ಡಬ್ಬಿ ಎದೆಗೊತ್ತಿಕೊಂಡು ಆಟೋ ಹತ್ತಿದೆ. ನರ್ಸು ಡಬ್ಬಿ ನೋಡಿ "ಸಾರ್, ಇದು ಪಟ್ಟಿಲ್ಲ" ಎಂದಳು, ಕೊಡುವ ಹಾಗಿಲ್ಲ ಎಂದು. ದಾಕ್ಷಾಯಣಿ ಅವಳನ್ನು ಏನೋ ಕೇಳುವ ನೆಪದಲ್ಲಿ ಹೊರಗೆ ಕರೆದುಕೊಂಡು ಹೋದರು. ನಾನು ಉಗುರಿನಷ್ಟು ಚೂರು ಮುರಿದು ಕೊಟ್ಟೆ. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ. ಹನ್ನೊಂದು ದಿನಗಳ ಬಳಿಕ ಅವನ ಬಾಯಿಗೆ ಹೋದ ಮೊದಲ ತಿನಿಸು ಅದು ಎಂದು ಆಮೇಲೆ ತಿಳಿಯಿತು.

"ಹೇಗಿದೆ?"

"ಉಪ್ಪ್ ಕಡಿಮಿ," ಎಂದ. ಮತ್ತೊಂದು ಚೂರಿಗೆ ಕೈ ಚಾಚಿದ.

ಆಮೇಲಿನ ಹತ್ತು ದಿನ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಎಚ್ಚರವಿದ್ದಾಗಲೆಲ್ಲ ಆ ರೆಕಾರ್ಡಿಂಗನ್ನು ಸರಿಪಡಿಸುತ್ತಿದ್ದನಂತೆ. ಒಂದಕ್ಷರ ತೆಗೆಯಬೇಡ ಎಂದು ನನಗೆ ಹೇಳಿದವನು ತಾನು ಮಾತ್ರ ಧಾರಾಳವಾಗಿ ಕತ್ತರಿಸಿದ್ದ. ನನ್ನ ಏಳು ನಿಮಿಷದ ಭಾಷಣವನ್ನು ಮಾತ್ರ ಇಡಿಯಾಗಿ ಉಳಿಸಿ, ಅದರ ಬೆನ್ನಿಗೇ "ಅಯ್ಯಯ್ಯೋ! ಇದು ಕಾಶಣ್ಣ!" ಎಂಬ ಚೀರಾಟವನ್ನು ಜೋಡಿಸಿದ್ದ. ಜೂನ್ ಹನ್ನೊಂದು, ಸಂಜೆ ಐದೂವರೆಗೆ ಅದು ಇನ್ನೂರ ಹನ್ನೆರಡು ಜನರ ಫೋನಿಗೂ ಬಂತು. ಕೆಳಗೆ ಅವನೇ ಬರೆದಿದ್ದ:

"ಇಪ್ಪತ್ತೈದನೇ ಮಾತುಕತೆ. ಶಿಲ್ಪ: ಚಂದ್ರಾವತಿ. ಕೂದಲು: ಕಾಶೀನಾಥ. ಕ್ಷೌರ ಮತ್ತು ಅಡುಗೆ: ರಾಜಲಕ್ಷ್ಮಿ. ಮೇಲ್ವಿಚಾರಣೆ: ವಿನಾಯಕ್, ಕಸ್ಟಮ್ಸ್."

ಕಳಿಸಿದ ಮೇಲೆ ಫೋನನ್ನು ದಾಕ್ಷಾಯಣಿಯವರ ಕೈಗೆ ಕೊಟ್ಟು, "ಚಾರ್ಜಿಗೆ ಹಚ್ಚು, ಇನ್ನ ಮಂದಿ ನಗೂದು ಬರಾಕ ಹತ್ತತೈತಿ," ಎಂದು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ.